‘ಆದರೆ’ ಎಂಬಲ್ಲಿ ನಿಂತ ಪಾಠ

ನಾನೂ ನನ್ನ ಅತ್ತೆಯೂ ಜಗಳವಾಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಒಂದು ಮಾತು ಹೇಳುತ್ತಾರೆ, ನಾನು ಅದನ್ನು ತಿದ್ದುತ್ತೇನೆ. ನಾನು ತಿದ್ದಿದ್ದನ್ನು ಅವರು ತಿದ್ದುತ್ತಾರೆ. ಅಷ್ಟೇ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಹೆಂಗಸು, ತಿದ್ದುವುದು ಅವರ ರಕ್ತಕ್ಕೇ ಇಳಿದಿದೆ. ನಾನೇನು ಕಡಿಮೆಯವಳೇ? ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ದಿನವಿಡೀ ಕತ್ತರಿ ಹಿಡಿದವಳ ನಾಲಿಗೆ ಮೊಂಡಾಗಿರಲು ಹೇಗೆ ಸಾಧ್ಯ? ನನ್ನ ಗಂಡ ಬೀಗ ರಿಪೇರಿಯವರು. ಊರಿನ ಯಾವ ಬೀಗವನ್ನು ಬೇಕಾದರೂ ತೆರೆಯುತ್ತಾರೆ, ಮನೆಯ ಈ ಎರಡು ಬಾಯಿಗೆ ಹಾಕಲು ಮಾತ್ರ ಅವರ ಪೆಟ್ಟಿಗೆಯಲ್ಲಿ ಒಂದು ಬೀಗವೂ ಇಲ್ಲ.

ಹೀಗಿರುವಾಗ ನಮ್ಮ ಕಾರ್ಖಾನೆಗೆ ಹೊಸ ಯಂತ್ರ ಬಂತು. ಹೊಸದು ಎಂದರೆ ನಮಗೆ ಹೊಸದು. ಎಲ್ಲೋ ಮುಚ್ಚಿಹೋದ ಇನ್ನೊಂದು ಕಾರ್ಖಾನೆಯಿಂದ ಎತ್ತಿಕೊಂಡು ಬಂದಿದ್ದು. ಮಂಚದಷ್ಟು ಅಗಲದ ಹಾಸು, ಅದರ ಮೇಲೆ ಕಂಬಿ ಹಿಡಿದು ಓಡಾಡುವ ಬ್ಲೇಡು, ಪಕ್ಕದಲ್ಲೊಂದು ಪುಟ್ಟ ಪರದೆ. ಅಂಗಿಯ ಕೊರಳಿಗೆ ಹಚ್ಚುವ ಓರೆ ಪಟ್ಟಿಗಳನ್ನು ಇನ್ನು ಮೇಲೆ ಇದೇ ಕತ್ತರಿಸುತ್ತದಂತೆ. ಬಟ್ಟೆಯನ್ನು ನೇರಕ್ಕೆ ಕತ್ತರಿಸಿದರೆ ಕೊರಳ ಸುತ್ತ ಸುಕ್ಕು ಬೀಳುತ್ತದೆ, ಓರೆಯಾಗಿ ಕತ್ತರಿಸಿದರೆ ಹೇಳಿದ ಹಾಗೆ ಬಾಗುತ್ತದೆ. ಇಷ್ಟು ವರ್ಷ ಆ ಕೆಲಸ ನನ್ನದಾಗಿತ್ತು. ಸೀಮೆಸುಣ್ಣದಲ್ಲಿ ಒಂದು ಓರೆ ಗೆರೆ, ಅಳತೆಪಟ್ಟಿ ಸರಿಸಿ ಪಕ್ಕದಲ್ಲಿ ಇನ್ನೊಂದು, ನಡುವಿನದು ಪಟ್ಟಿ. ಈ ಯಂತ್ರಕ್ಕೆ ಸುಣ್ಣವೂ ಬೇಡ, ಅಳತೆಪಟ್ಟಿಯೂ ಬೇಡ. ಒಂದೊಂದು ಗೆರೆಗೂ ಮೂರು ಸಂಖ್ಯೆ ಕೇಳುತ್ತದೆ: ಎಕ್ಸ್ ಮುಂದೆ ಎಷ್ಟು, ವೈ ಮುಂದೆ ಎಷ್ಟು, ಸಮಚಿಹ್ನೆಯ ಆಚೆ ಎಷ್ಟು. ಎಕ್ಸ್ ಎಂದರೆ ಹಾಸಿನ ಒಂದು ಮೂಲೆಯಿಂದ ಉದ್ದಕ್ಕೆ, ವೈ ಎಂದರೆ ಅದೇ ಮೂಲೆಯಿಂದ ಅಗಲಕ್ಕೆ. ಕೊಟ್ಟರೆ ಕತ್ತರಿಸುತ್ತದೆ, ಕೊಡದಿದ್ದರೆ ಪರದೆಯ ಮೇಲೆ ಕಣ್ಣು ಮಿಟುಕಿಸುತ್ತ ಕೂರುತ್ತದೆ.

ನಮ್ಮ ಮ್ಯಾನೇಜರಿಗಿಂತ ಮೊದಲು ಅವರ ಹೊಟ್ಟೆ ಕೋಣೆಯೊಳಗೆ ಬರುತ್ತದೆ. ಆ ಹೊಟ್ಟೆಯನ್ನು ಯಂತ್ರದ ಅದೇ ಮೂಲೆಗೆ ಆನಿಸಿ ನಿಂತು, “ನೋಡಮ್ಮ, ಬರೋ ಶನಿವಾರ ಒಂದು ಪರೀಕ್ಷೆ ಇಡ್ತೀನಿ. ಲೆಕ್ಕ ಬಂತೋ, ಯಂತ್ರ ನಿಮ್ದು. ಬರ್ಲಿಲ್ವೋ, ಇಸ್ತ್ರಿಯವನಿಗೆ ಕೊಡ್ತೀನಿ, ಅವನು ಹತ್ತನೇ ಕ್ಲಾಸು ಪಾಸು,” ಎಂದರು.

“ನಾನೇನು ಮಾಡ್ಲಿ ಸಾರ್ ಆಮೇಲೆ?”

“ದಾರ ಕತ್ತರಿಸೋ ಬೆಂಚಲ್ಲಿ ಜಾಗ ಇದೆ.”

ದಾರ ಕತ್ತರಿಸುವ ಬೆಂಚು! ಹೊಲಿದು ಮುಗಿದ ಅಂಗಿಯಲ್ಲಿ ಇಳಿಬಿದ್ದ ನೂಲನ್ನು ಚಿಮಟದಂಥ ಪುಟ್ಟ ಕತ್ತರಿಯಲ್ಲಿ ಚಕ್ ಚಕ್ ಎನಿಸುವ ಕೆಲಸ. ಹದಿನೇಳನೇ ವಯಸ್ಸಿಗೆ ನಾನು ಅಲ್ಲಿಂದಲೇ ಶುರು ಮಾಡಿದ್ದು. ಅಲ್ಲಿಂದ ಕತ್ತರಿಸುವ ಮೇಜಿಗೆ ಬರಲು ಎಷ್ಟು ಜನರ ಬಾಯಿ ಕೇಳಿದ್ದೇನೆ, ನನಗೇ ಗೊತ್ತು. ಮತ್ತೆ ಅಲ್ಲಿಗೇ ಹೋಗಿ ಕೂರುವುದೇ? ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟವಳು ನಾನು. ಮನೆಯಲ್ಲಿ ಗಣಿತವೇ ಸೀರೆ ಉಟ್ಟು ಓಡಾಡುತ್ತಿದ್ದರೂ ಇಷ್ಟು ವರ್ಷ ಅದಕ್ಕೆ ಮುಖ ಕೊಟ್ಟವಳಲ್ಲ. ಈಗ ಗತಿ ಇರಲಿಲ್ಲ, ಹೋಗಿ ನಿಂತೆ.

ಅತ್ತೆ ಕನ್ನಡಕದ ಮೇಲಿಂದ ನೋಡಿದರು. “ಕೊನೆಗೂ ಬಂದ್ಯಲ್ಲ. ಕೂತ್ಕೋ,” ಎಂದರು.

ಪಾಠ ನಡೆದದ್ದು ನಡುಮನೆಯ ದೊಡ್ಡ ಮೇಜಿನ ಮೇಲೆ. ಬಡಗಿಯಾಗಿದ್ದ ನನ್ನ ಮಾವ ಕೈಯಾರೆ ಮಾಡಿದ್ದು ಅದು. ಅವರು ಹೋದ ಮೇಲೆ ಉಳಿದ ದೊಡ್ಡ ಗುರುತು ಅದೊಂದೇ. ಅದರ ಒಂದು ತುದಿಯಲ್ಲಿ ಅತ್ತೆ ವರ್ಷಗಟ್ಟಲೆ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದಾರೆ, ಇನ್ನೊಂದು ತುದಿಯಲ್ಲಿ ನಾನು ಅಕ್ಕಪಕ್ಕದವರ ಬಟ್ಟೆ ಕತ್ತರಿಸಿದ್ದೇನೆ. ನಡುಮನೆಯ ಅರ್ಧ ಅದೇ ನುಂಗಿದೆ, ಉಳಿದರ್ಧದಲ್ಲಿ ನಾವು ಬದುಕುತ್ತೇವೆ.

ಅತ್ತೆ ನನ್ನ ಸೀಮೆಸುಣ್ಣವನ್ನೇ ಇಸಿದುಕೊಂಡು ಮೇಜಿನ ಮೇಲೆ ಬರೆದರು. “ಎರಡು ಎಕ್ಸ್, ಮೂರು ವೈ, ಕೂಡಿದ್ರೆ ಅರವತ್ತು. ವೈ ಸೊನ್ನೆ ಆದ್ರೆ ಎಕ್ಸ್ ಎಷ್ಟು?”

“ಮೂವತ್ತು.”

“ಎಕ್ಸ್ ಸೊನ್ನೆ ಆದ್ರೆ ವೈ?”

“ಇಪ್ಪತ್ತು.”

“ಎರಡೂ ಚುಕ್ಕಿ ಸೇರಿಸು. ಬಂತಾ ಗೆರೆ? ನೀನು ದಿನಾ ಎಳೀತೀಯಲ್ಲ, ಅದೇ ಇದು.” ನನಗೆ ಸಂತೋಷಕ್ಕೆ ಕೂಗುವಂತಾಯಿತು. ಫೇಲಾದವಳಿಗೆ ಲೆಕ್ಕ ಅರ್ಥವಾಗುವ ಸುಖ ಪಾಸಾದವರಿಗೆ ತಿಳಿಯದು. ಅತ್ತೆ ಅದರ ಕೆಳಗೆ ಇನ್ನೊಂದು ಬರೆದರು: ನಾಲ್ಕು ಎಕ್ಸ್, ಆರು ವೈ, ಕೂಡಿದರೆ ನೂರೆಂಬತ್ತು. “ಈಗ ನೋಡು. ಎಕ್ಸ್ ಮುಂದಿರೋದನ್ನ ಎಕ್ಸ್ ಮುಂದಿರೋದಕ್ಕೆ ಹೋಲಿಸು. ಎರಡು, ನಾಲ್ಕರಲ್ಲಿ ಎಷ್ಟು ಪಾಲು? ಅರ್ಧ. ವೈಗೆ ವೈ ಹೋಲಿಸು. ಮೂರು, ಆರರಲ್ಲಿ? ಅದೂ ಅರ್ಧ. ಅನುಪಾತ ಒಂದೇ. ಅಂದ್ರೆ ಎರಡು ಗೆರೆಗೂ ಓರೆ ಒಂದೇ, ಎಲ್ಲೂ ಒಂದನ್ನೊಂದು ಹಾಯಲ್ಲ. ಆದರೆ—”

ಆ ‘ಆದರೆ’ಗೆ ಸರಿಯಾಗಿ ನನ್ನ ಗಂಡ ಒಳಗೆ ಬಂದರು. ಬಂದವರು ಎಂದಿನಂತೆ ಮೇಜಿನ ಮೂಲೆಗೆ ಮೊಣಕಾಲು ಬಡಿಸಿಕೊಂಡು, “ಅಯ್ಯಯ್ಯೋ! ಸಾಕಪ್ಪಾ ಸಾಕು, ಈ ಟೇಬಲ್ಲನ್ನ ಮಾರೇ ಬಿಡ್ತೀನಿ!” ಎಂದು ಕುಂಟುತ್ತ ಕುಣಿದರು.

“ಈ ಟೇಬಲ್ ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ,” ಎಂದರು ಅತ್ತೆ.

“ಹೌದು ಮತ್ತೆ, ಇಲ್ಲೇ ಇರತ್ತೆ,” ಎಂದೆ ನಾನು.

ಅತ್ತೆ ನನ್ನ ಕಡೆ ತಿರುಗಿದರು. “ಅದನ್ನ ಹೇಳೋಕೆ ನೀನ್ಯಾರು? ನಾನು ಹೇಳಿದ್ನಲ್ಲ.”

“ನೀವು ಹೇಳಿದ್ರೆ ಮಾತ್ರ ಇರತ್ತಾ? ನಾನು ಹೇಳಿದ್ರೆ ಎದ್ದು ಹೋಗತ್ತಾ?”

“ನನ್ನ ಗಂಡ ಮಾಡಿದ ಟೇಬಲ್ಲು!”

“ನಾನು ಬೆನ್ನು ಮುರ್ಕೊಂಡು ದುಡಿಯೋ ಟೇಬಲ್ಲು!”

ಗಂಡ ಮೊಣಕಾಲು ತಿಕ್ಕಿಕೊಳ್ಳುತ್ತ, “ಅಲ್ರೀ, ನೀವಿಬ್ರೂ ಹೇಳ್ತಿರೋದು ಒಂದೇ ಅಲ್ವಾ?” ಎಂದರು. ಆ ದಿನ ಆ ಮನೆಯಲ್ಲಿ ಯಾರಾದರೂ ಆಡಿದ ಬುದ್ಧಿವಂತ ಮಾತೆಂದರೆ ಅದೊಂದೇ. ನಾವಿಬ್ಬರೂ ಒಟ್ಟಿಗೆ, “ನೀವು ಸುಮ್ನಿರಿ!” “ನೀನು ಸುಮ್ನಿರೋ!” ಎಂದು ಅವರ ಮೇಲೆ ಎರಗಿದೆವು. ಅವರು ಸುಮ್ಮನಾದರು. ಆಮೇಲೆ ನಾವೂ ಸುಮ್ಮನಾದೆವು, ಮತ್ತು ಸುಮ್ಮನೇ ಉಳಿದೆವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅತ್ತೆ ಸೊಸೆಯರ ಮಾತು ಬಿಡುವಿಕೆಗೆ ಹಿರಿಯರು ಅಂಥ ಗಡುವನ್ನೇನೂ ಹಾಕಿಟ್ಟಿಲ್ಲ.

ನನಗೆ ಪಾಠ ನಿಂತ ಚಿಂತೆ ಇರಲಿಲ್ಲ. ಸಿಕ್ಕಿತಲ್ಲ ಸೂತ್ರ! ಮೊದಲೆರಡು ಸಂಖ್ಯೆಯ ಅನುಪಾತ ಒಂದಾದರೆ ಸಮಾಂತರ. ಇಷ್ಟಕ್ಕೆ ಇವರ ಹಂಗು ಬೇರೆ ಯಾಕೆ ಎಂದುಕೊಂಡೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಹೇಳಿದವರು ನನ್ನನ್ನು ನೋಡಿಯೇ ಹೇಳಿರಬೇಕು.

ಮಾರನೆಯ ಬೆಳಗ್ಗೆ ಎದ್ದು ಬಂದರೆ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆದಿತ್ತು. ಅತ್ತೆಯ ದುಂಡು ಅಕ್ಷರ. ಆಹಾ, ಮೇಜು ತನ್ನದೆಂದು ಮುದ್ರೆ ಒತ್ತಿದ್ದಾರೆ ಎಂದುಕೊಂಡೆ. ಓದಿದರೆ ಸೋತಂತೆ. ಮುಖ ಆಚೆ ತಿರುಗಿಸಿ, ಒದ್ದೆ ಬಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಒರೆಸಿದೆ. ಅದರ ಮರುದಿನವೂ ಬರೆದರು, ನಾನೂ ಒರೆಸಿದೆ. ದಿನವೂ ಇದೇ. ಗಂಡ ಇದನ್ನೆಲ್ಲ ನೋಡುತ್ತ ಅಪಾಯಕರವಾದಷ್ಟು ಶಾಂತವಾಗಿದ್ದರು. ನಾನು ಆಗಲೇ ಅನುಮಾನಪಡಬೇಕಿತ್ತು.

ಶನಿವಾರ ಬೆಳಗ್ಗೆ ನಾನು ಮೇಜು ಒರೆಸುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಸೂರು ನೋಡುತ್ತ ಒರೆಸುವುದನ್ನು ಅವರು ಮೊದಲ ಬಾರಿ ಕಣ್ಣಾರೆ ಕಂಡರು. “ಅಯ್ಯೋ!” ಎಂಬ ಸಣ್ಣ ಸ್ವರ ಕೇಳಿಸಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊಟದ ಡಬ್ಬಿಯನ್ನೂ ಮರೆತು ಧಡಧಡ ಹೊರಟೆ.

ಕತ್ತರಿಸುವ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಹೊಲಿಗೆಯವರು, ಗುಂಡಿ ಹಚ್ಚುವವರು, ಎದೆ ಸೆಟೆಸಿಕೊಂಡ ಇಸ್ತ್ರಿಯವನು. ಯಂತ್ರದ ಹಾಸಿನ ಮೇಲೆ ತೆಳು ನೀಲಿ ಬಟ್ಟೆ ಹರಡಿತ್ತು. ಮ್ಯಾನೇಜರು ಹೊಟ್ಟೆಯನ್ನು ಮೂಲೆಗೆ ಆನಿಸಿ, “ಮೊದಲನೇ ಗೆರೆ ನಾನು ಕೊಟ್ಟಿದ್ದೀನಿ. ಮೂರು, ನಾಲ್ಕು, ನೂರಿಪ್ಪತ್ತು. ಎರಡನೇದು ನೀವು ಕೊಡಿ. ನಡುವೆ ಒಂದು ಪಟ್ಟಿ ಬರ್ಬೇಕು, ಎರಡು ತುದೀಲೂ ಒಂದೇ ಅಗಲ,” ಎಂದರು.

ಇಷ್ಟೇನಾ! ಮೂರಕ್ಕೆ ಆರು, ನಾಲ್ಕಕ್ಕೆ ಎಂಟು. ಅನುಪಾತ ಎರಡೂ ಕಡೆ ಅರ್ಧ. ಮೂರನೆಯ ಸಂಖ್ಯೆಯ ಹತ್ತಿರ ಬಂದಾಗ ಒಂದು ಕ್ಷಣ ಬೆರಳು ನಿಂತಿತು. ಅದರ ಬಗ್ಗೆ ಅತ್ತೆ ಏನೂ ಹೇಳಿರಲಿಲ್ಲ. ಆದರೆ ಕತ್ತರಿಸುವವಳಿಗೆ ಅಚ್ಚುಕಟ್ಟು ಮುಖ್ಯ. ಎರಡನ್ನು ಇಮ್ಮಡಿ ಮಾಡಿ ಒಂದನ್ನು ಹಾಗೇ ಬಿಟ್ಟರೆ ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸದೆ ಹೋದಂತಲ್ಲವೇ? ಅದನ್ನೂ ಇಮ್ಮಡಿ ಮಾಡಿ ಇನ್ನೂರ ನಲವತ್ತು ಒತ್ತಿದೆ. “ಬರತ್ತೆ ನೋಡಿ ಸಾರ್ ಪಟ್ಟಿ,” ಎಂದು ಸೊಂಟಕ್ಕೆ ಕೈಯಿಟ್ಟು ನಿಂತೆ.

ಬ್ಲೇಡು ಸರ್ರನೆ ಓರೆಯಾಗಿ ಹೋಯಿತು. ಚೆಂದ ಕತ್ತರಿಸಿತು. ವಾಪಸು ಬಂದು ನಿಂತು, ಮತ್ತೆ ಸರ್ರನೆ ಹೋಯಿತು. ಹೋದ ದಾರಿಯಲ್ಲೇ ಹೋಯಿತು! ಕತ್ತರಿಸಿದ್ದನ್ನೇ ಕತ್ತರಿಸಿ, ಅಂಚನ್ನು ಹಿಂಜಿ, ನೂಲು ನೂಲು ಮಾಡಿತು. ಪಟ್ಟಿ ಎಲ್ಲಿ? ಮ್ಯಾನೇಜರು ಬಟ್ಟೆ ಎತ್ತಿ ಹಿಡಿದರು. ಒಂದು ನೂಲು ಗಾಳಿಯಲ್ಲಿ ತೇಲಿ ಬಂದು ಅವರ ಮೀಸೆಯ ಮೇಲೆ ಕೂತಿತು.

“ಇದೇನಾ ಪಟ್ಟಿ?” ಎಂದರು.

“ತುಂಬಾ ಸಣ್ಣ ಕೊರಳಿನವರಿಗಿರ್ಬೇಕು,” ಎಂದ ಇಸ್ತ್ರಿಯವನು. ಕೋಣೆಗೆ ಕೋಣೆಯೇ ನಕ್ಕಿತು. ನನ್ನ ಕಿವಿ ಕೆಂಡವಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ನನ್ನದು ಒಂದು ಎಳೆ ನೂಲಿಗೆ ಹೋಯಿತು. ಕಿಟಕಿಯ ಹತ್ತಿರ ದಾರ ಕತ್ತರಿಸುವ ಬೆಂಚು ಕಾಣುತ್ತಿತ್ತು. ಅಲ್ಲಿನ ಖಾಲಿ ಜಾಗವೂ ಕಾಣುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕಾವಲಿನವನ ಗಲಾಟೆ ಕೇಳಿಸಿತು. “ಅಮ್ಮಾ, ಒಳಗೆ ಬಿಡೋ ಹಾಗಿಲ್ಲಮ್ಮಾ!”

“ಡಬ್ಬಿ ಕೊಡೋಕೆ ಬಂದಿದ್ದೀನಪ್ಪಾ, ಡಬ್ಬಿ! ಸರಿ ಆಚೆ!”

ಅತ್ತೆ! ಒಂದು ಕೈಯಲ್ಲಿ ನನ್ನ ಊಟದ ಡಬ್ಬಿ, ಇನ್ನೊಂದು ಕೈ ಎದೆಯ ಮೇಲೆ, ಏದುಸಿರು. ನನ್ನ ಮುಖ ನೋಡಿದರು, ಬಟ್ಟೆ ನೋಡಿದರು, ನೆಟ್ಟಗೆ ಪರದೆಯ ಹತ್ತಿರ ಹೋಗಿ ಸಂಖ್ಯೆ ನೋಡಿದರು. ಉತ್ತರಪತ್ರಿಕೆ ನೋಡುವ ಅದೇ ಮುಖ.

“ಮೂರನೇದನ್ನ ಯಾಕೇ ಇಮ್ಮಡಿ ಮಾಡ್ದೆ?” ಮಾತು ಬಿಟ್ಟ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಇದು.

“ಚೆನ್ನಾಗಿ ಕಾಣತ್ತೆ ಅಂತ,” ಎಂದೆ.

ಬೈಯುತ್ತಾರೆ ಎಂದುಕೊಂಡು ತಲೆ ತಗ್ಗಿಸಿದೆ. ಅವರು ಮ್ಯಾನೇಜರ ಕಡೆ ತಿರುಗಿದರು. “ಇವಳಿಗೆ ಪಾಠ ಹೇಳಿದ್ದು ನಾನು. ಅರ್ಧ ಹೇಳಿ, ಸಿಟ್ಟು ಮಾಡ್ಕೊಂಡು ಅರ್ಧಕ್ಕೇ ಬಿಟ್ಟೆ. ತಪ್ಪು ನಂದು. ಪರೀಕ್ಷೆ ಮತ್ತೆ ಇಡಿ.”

ಈ ಹೆಂಗಸು ತಪ್ಪು ನನ್ನದು ಎಂದಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿರಲಿಲ್ಲ. ಮಾವನವರೂ ಕೇಳಿದ್ದಿರಲಾರದು. ಮ್ಯಾನೇಜರು ಗಡಿಯಾರ ನೋಡಿದರು, ಅತ್ತೆಯ ಮುಖ ನೋಡಿದರು. ಯಾವ ಕಾಲದ ಯಾವ ಟೀಚರು ನೆನಪಾದರೋ, ಮೀಸೆಯ ಮೇಲಿನ ನೂಲು ತೆಗೆದು, “ಊಟ ಆದ ಮೇಲೆ,” ಎಂದರು.

ಹಿಂಬದಿಯಲ್ಲಿ ಚಿಂದಿ ಬಟ್ಟೆಯ ಮೂಟೆಗಳ ಮೇಲೆ ಕೂತು ಒಂದೇ ಡಬ್ಬಿಯಲ್ಲಿ ಇಬ್ಬರೂ ಊಟ ಮಾಡಿದೆವು. ಬಾಯಲ್ಲಿ ತುತ್ತಿಟ್ಟುಕೊಂಡೇ ಅತ್ತೆ ಕೇಳಿದರು, “ಆರು, ಎಂಟು, ಇನ್ನೂರ ನಲವತ್ತು. ಎಲ್ಲದರಲ್ಲೂ ಅರ್ಧ ತಗೋ. ಏನು ಉಳೀತು?”

“ಮೂರು, ನಾಲ್ಕು, ನೂರಿಪ್ಪತ್ತು.” ತುತ್ತು ಅಲ್ಲೇ ನಿಂತಿತು. “ಅಯ್ಯೋ ಅತ್ತೆ, ಇದು ಅವರು ಕೊಟ್ಟ ಗೆರೇನೇ!”

“ಅದೇ ಗೆರೆ. ನೀನು ಎರಡು ಪಟ್ಟು ಗಂಟಲಲ್ಲಿ ಹೇಳ್ದೆ, ಅಷ್ಟೇ. ಮೊದಲೆರಡರ ಅನುಪಾತ ಒಂದೇ ಆಗಿ, ಮೂರನೇದರದ್ದು ಬೇರೆ ಆಗ್ಬೇಕು. ಆಗ ಅದು ಪಕ್ಕದ ಗೆರೆ, ಸಮಾಂತರ. ಮೂರನೇದೂ ಅದೇ ಅನುಪಾತಕ್ಕೆ ಬಂದ್ರೆ ಅದು ಪಕ್ಕದ್ದಲ್ಲ, ಇದೇ. ಇದನ್ನ ಹೇಳೋಕೇ ‘ಆದರೆ’ ಅಂದಿದ್ದು ನಾನು.”

ನಾನು ಯೋಚಿಸಿದೆ. ಯೋಚಿಸಿದಂತೆ ನಗು ಬರತೊಡಗಿತು. “ಅತ್ತೆ, ಆವತ್ತು ಟೇಬಲ್ ಬಗ್ಗೆ ನೀವೇನಂದ್ರಿ?”

“ಎಲ್ಲೂ ಹೋಗಲ್ಲ ಅಂದೆ.”

“ನಾನೇನಂದೆ?”

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಒಂದು ಕ್ಷಣ ನನ್ನನ್ನೇ ನೋಡಿ, ತುಟಿ ಬಿಗಿಹಿಡಿದರು. “ಬಾಯಿ ಮುಚ್ಕೊಂಡು ಊಟ ಮಾಡು,” ಎಂದರು. ಆದರೆ ಅವರ ಹೊಟ್ಟೆ ಕುಲುಕಾಡುತ್ತಿತ್ತು.

ಮಧ್ಯಾಹ್ನ ಮ್ಯಾನೇಜರು ಸುಲಭಕ್ಕೆ ಬಿಡಲಿಲ್ಲ. ಯಂತ್ರ ಮುಟ್ಟುವ ಮೊದಲು ಬಾಯಲ್ಲೇ ಉತ್ತರ ಬೇಕೆಂದರು. ಅತ್ತೆಗೆ ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿದ್ದರು. ಅಲ್ಲಿಂದ ಕಣ್ಣಲ್ಲೂ ಸನ್ನೆ ಮಾಡಬಾರದೆಂದು ಅವರು ತಾವಾಗಿಯೇ ಗೋಡೆಯ ಕಡೆ ತಿರುಗಿ ಕೂತಿದ್ದರು.

“ಮೂರು, ಐದು, ನಲವತ್ತೈದು. ಇನ್ನೊಂದು ಆರು, ಹತ್ತು, ತೊಂಬತ್ತು.”

“ಒಂದೇ ಗೆರೆ ಸಾರ್. ಪಟ್ಟಿ ಬರಲ್ಲ, ನೂಲು ಬರತ್ತೆ.”

“ಮೂರು, ಐದು, ನಲವತ್ತೈದು. ಆರು, ಒಂಬತ್ತು, ಎಂಬತ್ತು.”

“ಓರೆ ಬೇರೆ ಬೇರೆ. ಎಲ್ಲೋ ಒಂದು ಕಡೆ ಹಾಯ್ತವೆ. ಪಟ್ಟಿ ಒಂದು ತುದೀಲಿ ಚೂಪಾಗತ್ತೆ.”

ಇಸ್ತ್ರಿಯವನ ನಗು ಅಷ್ಟು ಹೊತ್ತಿಗೆ ಮಡಿಕೆ ಬಿದ್ದಿತ್ತು. ಮ್ಯಾನೇಜರು ಹೊಟ್ಟೆಯನ್ನು ಮೂಲೆಗೆ ಇನ್ನಷ್ಟು ಒತ್ತಿ, ತುಂಟ ಹುಡುಗನ ಹಾಗೆ ನಕ್ಕರು. “ಈಗ ಹೇಳಿ. ಮೊದಲನೇದು ಬೆಳಗಿನದ್ದೇ, ಮೂರು, ನಾಲ್ಕು, ನೂರಿಪ್ಪತ್ತು. ಎರಡನೇದು ಮೈನಸ್ ಮೂರು, ಮೈನಸ್ ನಾಲ್ಕು, ನೂರಿಪ್ಪತ್ತು.”

ಮೈನಸ್! ಗೋಡೆಯ ಕಡೆ ತಿರುಗಿದ್ದ ಅತ್ತೆಯ ಬೆನ್ನು ನೆಟ್ಟಗಾಯಿತು. ನಾನು ಕಣ್ಣು ಮುಚ್ಚಿ ಮನೆಯ ಮೇಜನ್ನು ನೆನೆದೆ. ಮೂರಕ್ಕೆ ಮೈನಸ್ ಮೂರು, ನಾಲ್ಕಕ್ಕೆ ಮೈನಸ್ ನಾಲ್ಕು, ಅನುಪಾತ ಒಂದೇ. ಮೂರನೆಯದು? ನೂರಿಪ್ಪತ್ತಕ್ಕೆ ನೂರಿಪ್ಪತ್ತು, ಅಲ್ಲಿ ಮೈನಸ್ ಇಲ್ಲ. ಅನುಪಾತ ಬೇರೆ. ಹಾಗಾದರೆ ಸಮಾಂತರ. ಸರಿ, ಗೆರೆ ಎಲ್ಲಿ ಬೀಳುತ್ತದೆ? ವೈ ಸೊನ್ನೆಯಾದರೆ ಎಕ್ಸ್ ಮೈನಸ್ ನಲವತ್ತು. ಮೈನಸ್ ಎಂದರೆ ಅಳತೆ ಶುರುವಾಗುವ ಮೂಲೆಯಿಂದ ಆಚೆಗೆ. ಕಣ್ಣು ಬಿಟ್ಟು ಯಂತ್ರದ ಮೂಲೆ ನೋಡಿದೆ. ಅಲ್ಲಿ ಏನಿತ್ತೆಂದು ನಿಮಗೆ ಗೊತ್ತು.

“ಸಮಾಂತರ ಸಾರ್. ಆದರೆ ಕತ್ತರಿಸೋದು ಬೇಡ.”

“ಯಾಕೆ?”

“ಗೆರೆ ಬಟ್ಟೆ ಮೇಲೆ ಬೀಳಲ್ಲ. ಮೂಲೆ ದಾಟಿ ನಿಮ್ಮ ಹೊಟ್ಟೆ ಮೇಲೆ ಹೋಗತ್ತೆ.”

ಮ್ಯಾನೇಜರು ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು. ಯಂತ್ರ ಚಾಲೂ ಇರಲಿಲ್ಲ, ಆದರೂ ಹಾರಿದರು. ಈ ಸಲ ಕೋಣೆ ನಕ್ಕಿದ್ದು ನನ್ನ ಪಕ್ಷದಲ್ಲಿ. ಎಲ್ಲರಿಗಿಂತ ಗಟ್ಟಿಯಾದ ನಗು ಗೋಡೆಯ ಕಡೆಯಿಂದ ಬಂತು. ಆಮೇಲೆ ನಾನು ಮೂರು, ನಾಲ್ಕು ಹಾಗೇ ಇಟ್ಟು, ಮೂರನೆಯದಕ್ಕೆ ಮಾತ್ರ ನೂರೈವತ್ತು ಒತ್ತಿದೆ. ಬ್ಲೇಡು ಹೋಗಿ ಬಂತು. ನೀಲಿ ಪಟ್ಟಿಯನ್ನು ಎತ್ತಿ ಎರಡೂ ತುದಿಗೆ ಟೇಪು ಹಿಡಿದರು. ಈ ತುದಿಯಲ್ಲಿ ಆರು ಸೆಂಟಿಮೀಟರ್, ಆ ತುದಿಯಲ್ಲೂ ಆರು. “ಸೋಮವಾರದಿಂದ ಯಂತ್ರ ನಿಮ್ದೇ,” ಎಂದರು ಮ್ಯಾನೇಜರು, ಮೂಲೆಯಿಂದ ಮಾರು ದೂರ ನಿಂತು.

ಇಬ್ಬರೂ ಮನೆಗೆ ಬಂದರೆ ಬಾಗಿಲೇ ಇರಲಿಲ್ಲ. ಕದವನ್ನು ಕೀಲಿನಿಂದ ಬಿಚ್ಚಿ ಗೋಡೆಗೆ ಒರಗಿಸಿತ್ತು. ತೆರೆದ ಬಾಗಿಲಲ್ಲಿ ನಮ್ಮ ಮೇಜು ಓರೆಯಾಗಿ ಸಿಕ್ಕಿಕೊಂಡಿತ್ತು, ಒಂದು ತುದಿಗೆ ಇಬ್ಬರು ಕೂಲಿಯವರು, ಇನ್ನೊಂದು ತುದಿಗೆ ನನ್ನ ಗಂಡ. ಬೀದಿಯಲ್ಲಿ ಹೋಟೆಲಿನವನು ಗಾಡಿ ತಂದು ನಿಂತಿದ್ದ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ನಾವು ಮಾತು ಬಿಟ್ಟಿದ್ದನ್ನೇ ಸುಸಮಯ ಮಾಡಿಕೊಂಡು ನನ್ನ ಗಂಡ ಗಿರಾಕಿ ಹುಡುಕಿದ್ದರು.

“ಇಳಿಸ್ರೀ ಕೆಳಗೆ!” ಎಂದೆವು ಇಬ್ಬರೂ, ಒಂದೇ ಗಂಟಲಲ್ಲಿ. ಮೇಜು ಧೊಪ್ಪನೆ ಇಳಿಯಿತು, ಗಂಡನ ಕಾಲಿನ ಪಕ್ಕದಲ್ಲೇ.

ಹೋಟೆಲಿನವನು ಕಂಗಾಲಾಗಿ, “ಅಲ್ಲಮ್ಮಾ, ಈ ಟೇಬಲ್ ಯಾರ್ದು?” ಎಂದು ಕೇಳಿದ.

“ಅತ್ತೇದು,” ಎಂದೆ ನಾನು.

“ಸೊಸೇದು,” ಎಂದರು ಅತ್ತೆ.

“ಏನತ್ತೆ ನೀವು, ಮಾವ ಮಾಡಿದ್ದು, ನಿಮ್ದೇ!”

“ನೀನು ದುಡಿಯೋದು ಅದರ ಮೇಲೆ, ನಿಂದೇ! ನಾನು ಹೇಳಿದ್ಮೇಲೆ ಮುಗೀತು!”

“ಅದ್ಹೇಗೆ ಮುಗಿಯತ್ತೆ?”

ಹೋಟೆಲಿನವನು ನಮ್ಮಿಬ್ಬರನ್ನೂ ನೋಡಿ, ಸದ್ದಿಲ್ಲದೆ ಗಾಡಿ ತಿರುಗಿಸಿಕೊಂಡು ಹೋದ. ನನ್ನ ಗಂಡ ಬಾಗಿಲ ಹೊಸ್ತಿಲಲ್ಲಿ ಕೂತು ಕದದ ಕೀಲು ಕೂರಿಸತೊಡಗಿದರು.

ಸಂಜೆ ಮೇಜು ತನ್ನ ಜಾಗಕ್ಕೆ ಬಂತು. ಬಟ್ಟೆ ತಂದು ಒರೆಸುವಾಗ ನೆನಪಾಗಿ ಕೇಳಿದೆ. “ಅತ್ತೆ, ದಿನಾ ಬೆಳಗ್ಗೆ ಇಲ್ಲಿ ಬರೀತಿದ್ರಲ್ಲ, ಆ ಮೂರನೇ ಸಂಖ್ಯೆ ವಿಷಯಾನೇ ಅಲ್ವಾ?”

“ಮೊದಮೊದಲು ಅದೇ.”

“ಇವತ್ತು ಬೆಳಗ್ಗೆ?”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು. “ಇವತ್ತು ಲೆಕ್ಕ ಬರೆದಿರ್ಲಿಲ್ಲ,” ಎಂದರು. “‘ಸಾಕು, ಮಾತಾಡೇ’ ಅಂತ ಬರೆದಿದ್ದೆ.”

ಅದನ್ನೇ ನಾನು ಸೂರು ನೋಡುತ್ತ ಒರೆಸಿದ್ದು, ಒಂದು ಅಕ್ಷರ ಬಿಡದೆ, ಅಚ್ಚುಕಟ್ಟಾಗಿ. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಹತ್ತಿರ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

“ಅಳೋದಾದ್ರೆ ಆ ಕಡೆ ತಿರುಗಿ ಅಳೇ,” ಎಂದರು. “ಟೇಬಲ್ ಒದ್ದೆಯಾಗತ್ತೆ.”